ಸೊನ್ನೆಯೇ ಗೆಲ್ಲುವ ಎಲೆಯಾಟ

ಕಲಘಟಗಿ ತಾಲೂಕಿನ ದುಮ್ಮವಾಡದಂಥ ಊರಿನಲ್ಲಿ ದೀಪಾವಳಿಯ ದಿನಗಳಲ್ಲಿ ಕಟ್ಟೆಯ ಮೇಲೆ ಕುಳಿತು ಇಸ್ಪೀಟು ಆಡುವವರು ತಮ್ಮ ಕೈಯಲ್ಲಿರುವ ಚೀಟಿಯನ್ನು ‘ಎಲೆ’ ಎನ್ನುತ್ತಾರೆ. ಮರಾಠಿಯಲ್ಲಿ ಅದು ‘ಪತ್ತಾ’. ಅದರ ಅರ್ಥವೂ ಎಲೆಯೇ. ಇಂಗ್ಲೀಷರ ‘ಕಾರ್ಡು’ ಎಂಬ ಶಬ್ದ ಮಾತ್ರ ಕಾಗದವೆಂಬ ಅರ್ಥದ ಹಳೆಯ ಲ್ಯಾಟಿನ್ ಮಾತಿನಿಂದ ಹುಟ್ಟಿದ್ದು. ಎಲೆಯಾಟದ ತವರುಮನೆಯೆಂದು ಬಹುಜನ ವಿದ್ವಾಂಸರು ಒಪ್ಪಿರುವ ಚೀನ ದೇಶದಲ್ಲಿ ಈ ವಸ್ತುವಿಗಿದ್ದ ಪುರಾತನ ಹೆಸರು ‘ಯೆತ್ಸು’. ಹಾಗೆಂದರೆ ಕೂಡ ಎಲೆಯೇ!

ಇಂಥ ಹೋಲಿಕೆಯನ್ನು ಕಂಡೊಡನೆ ಕನ್ನಡದ ಎಲೆಯು ಚೀನದಿಂದಲೇ ಬಂದಿತೆಂದು ಸಾರಿಬಿಡುವ ಉತ್ಸಾಹ ಯಾರಿಗಾದರೂ ಬರುವದು ಸಹಜ. ಆದರೆ ತೆಳುವಾದ, ಹಗುರಾದ, ಕೈಯಲ್ಲಿ ಹರವಿ ಹಿಡಿಯಬಹುದಾದ ವಸ್ತುವನ್ನು ಎಲೆಗೆ ಹೋಲಿಸುವ ಬುದ್ಧಿ ಯಾವ ನಾಡಿನವನಿಗೂ ತಾನಾಗಿಯೇ ಹೊಳೆಯಬಹುದು. ಆದ್ದರಿಂದ ಹೆಸರಿನ ಹೋಲಿಕೆಯು ನಂಟುತನಕ್ಕೆ ಸಾಕ್ಷಿಯಾಗಲಾರದು. ಹಾಗಾದರೆ ಎಂಥ ಹೋಲಿಕೆ ಸಾಕ್ಷಿಯಾಗಬಲ್ಲದು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲು ಚೀನೀಯರ ಒಂದು ಹಳೆಯ ಆಟವನ್ನು ಆಡಲು ಕಲಿಯಬೇಕಾಗುತ್ತದೆ. ಓದಿ ತಿಳಿಯುವದಕ್ಕಿಂತ ಆಡಿ ತಿಳಿಯುವ ವಿಷಯವಿದು. ಆ ಆಟದ ಹೆಸರು ‘ಮಾ-ದ್ಯಾವ್’. ಅದನ್ನು ಕಲಿತ ಮೇಲೆ ಸಾವಂತವಾಡಿಗೂ ಮೈಸೂರಿಗೂ ಬರೋಣ.

ಚೀನದ ಎಲೆಯಾಟದ ಇತಿಹಾಸದಲ್ಲಿ ಮೊದಲಿನ ಕೆಲವು ಶತಮಾನಗಳು ಮಸುಕಾಗಿಯೇ ಇವೆ. ತಾಂಗ್ ಅರಸರ ಕಾಲದಲ್ಲಿ, ಕ್ರಿ. ಶ. ೮೬೮ರ ಸುಮಾರಿಗೆ, ರಾಜಕುಮಾರಿಯೊಬ್ಬಳು ತನ್ನ ಗಂಡನ ಬಂಧುಗಳೊಡನೆ ‘ಎಲೆಯಾಟ’ವನ್ನು ಆಡಿದಳೆಂಬ ಉಲ್ಲೇಖವಿದೆ. ಅದು ನಾವು ತಿಳಿದ ಎಲೆಯಾಟವೋ, ದಾಳದೊಡನೆ ಆಡುವ ಬೇರೊಂದು ಆಟವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಖಚಿತವಾದ ಸಾಕ್ಷಿ ದೊರೆಯುವದು ೧೨೯೪ರಲ್ಲಿ. ಚೀನವು ಮಂಗೋಲರ ಆಳಿಕೆಯಲ್ಲಿದ್ದ ಆ ವರ್ಷ ಇಬ್ಬರು ಜೂಜುಕೋರರನ್ನು ಹಿಡಿದು, ಅವರ ಬಳಿಯಿದ್ದ ಕಾಗದದ ಎಲೆಗಳನ್ನೂ ಅವುಗಳನ್ನು ಮುದ್ರಿಸುವ ಮರದ ಅಚ್ಚುಗಳನ್ನೂ ಜಪ್ತಿ ಮಾಡಿದ ಸಂಗತಿಯು ಸರಕಾರಿ ದಫ್ತರದಲ್ಲಿ ದಾಖಲಾಗಿದೆ. ಆಟದ ಇತಿಹಾಸವನ್ನು ಆಟಗಾರರು ಬರೆದಿಡಲಿಲ್ಲ, ಅವರನ್ನು ಹಿಡಿದವರು ಬರೆದಿಟ್ಟರು. ಹದಿನೈದನೆಯ ಶತಮಾನದಲ್ಲಿ ಲೂ ರೋಂಗ್ ಎಂಬ ಅಧಿಕಾರಿಯು ಕುನ್‌ಷಾನ್ ಪ್ರಾಂತದಲ್ಲಿ ೩೮ ಎಲೆಗಳ ಕಟ್ಟೊಂದನ್ನು ಕಂಡು ಅದರ ವಿವರವನ್ನು ಬರೆದಿದ್ದಾನೆ. ಮುಂದೆ ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ೪೦ ಎಲೆಗಳ ಮಾ-ದ್ಯಾವ್ ಆಟವು ದೇಶವನ್ನೆಲ್ಲ ಮರುಳುಗೊಳಿಸಿತು. ಕಥೆಗಾರನೆಂದು ಪ್ರಸಿದ್ಧನಾದ ಫೆಂಗ್ ಮಂಗ್‌ಲೊಂಗ್ ಎಂಬವನು ಈ ಆಟದ ಮೇಲೆ ಬರೆದಿದ್ದಾನೆ. ೧೬೪೪ರಲ್ಲಿ ಮಿಂಗ್ ಅರಸುಮನೆತನವು ಅಳಿದಾಗ, ಅಧಿಕಾರಿಗಳೆಲ್ಲ ಈ ಆಟದಲ್ಲಿ ಮುಳುಗಿದ್ದುದೇ ರಾಜ್ಯ ಮುಳುಗಲು ಕಾರಣವೆಂದು ದೂರಿದವರೂ ಇದ್ದರು. ರಾಜ್ಯಗಳು ಮುಳುಗುವದಕ್ಕೆ ಇದಕ್ಕಿಂತ ದೊಡ್ಡ ಕಾರಣಗಳಿರುತ್ತವೆಂದು ನಾವು ತಿಳಿಯಬಹುದು. ಆದರೆ ಆಟದ ಹುಚ್ಚು ಎಷ್ಟಿತ್ತೆಂಬುದಕ್ಕೆ ಈ ದೂರು ಒಳ್ಳೆಯ ಅಳತೆಗೋಲಾಗಿದೆ.

ಈಗ ಎಲೆಗಳನ್ನು ನೋಡೋಣ. ಇಸ್ಪೀಟು, ಆಟೀನು, ಡೈಮಂಡು, ಕ್ಲಾವರುಗಳೆಂದು ನಮ್ಮ ಎಲೆಗಳಲ್ಲಿ ನಾಲ್ಕು ಪಂಗಡಗಳಿರುವಂತೆ ಚೀನದ ಕಟ್ಟಿನಲ್ಲಿಯೂ ನಾಲ್ಕು ಪಂಗಡಗಳಿವೆ. ಆದರೆ ಅವು ಹೂವು-ಹೃದಯಗಳ ಚಿಹ್ನೆಗಳಲ್ಲ, ಅಪ್ಪಟ ದುಡ್ಡಿನ ಲೆಕ್ಕ. ಚೀನದ ಹಳೆಯ ಕಾಸಿನ ನಡುವೆ ಚೌಕಾದ ತೂತಿರುತ್ತಿತ್ತು. ಆ ತೂತಿನಲ್ಲಿ ದಾರ ಪೋಣಿಸಿ ಕಾಸಿನ ಸರಗಳನ್ನು ಮಾಡುತ್ತಿದ್ದರು. ದೊಡ್ಡ ಹಣವನ್ನು ಸರಗಳಲ್ಲಿಯೇ ಎಣಿಸುವ ರೂಢಿಯಿತ್ತು. ಹೀಗಾಗಿ ಮೊದಲನೆಯ ಪಂಗಡ ಕಾಸು, ಎರಡನೆಯದು ಸರ, ಮೂರನೆಯದು ‘ವಾನ್’, ಎಂದರೆ ಹತ್ತು ಸಾವಿರ ಸರಗಳು. ನಾಲ್ಕನೆಯದು ಹತ್ತು ವಾನ್‌ಗಳ ಪಂಗಡ. ಹತ್ತು ಸಾವಿರವನ್ನು ಹತ್ತರಿಂದ ಗುಣಿಸಿದರೆ ಒಂದು ಲಕ್ಷವಲ್ಲವೇ? ಇಂಗ್ಲೀಷಿನಲ್ಲಿ ಇದನ್ನು ವಿವರಿಸುವವರು ‘ಹತ್ತು ಸಾವಿರದ ಹತ್ತುಗಳು’ ಎಂದು ತೊದಲಬೇಕಾಗುತ್ತದೆ. ಲಕ್ಷವೆಂಬ ಸೊಗಸಾದ ಮಾತು ನಮ್ಮಲ್ಲಿರುವದರಿಂದ ನಾಲ್ಕನೆಯ ಪಂಗಡವನ್ನು ಸರಳವಾಗಿ ‘ಲಕ್ಷ’ವೆಂದೇ ಕರೆಯೋಣ.

ಸರದ ಪಂಗಡದಲ್ಲಿ ಒಂದರಿಂದ ಒಂಬತ್ತರ ವರೆಗೆ ಒಂಬತ್ತು ಎಲೆಗಳು. ವಾನ್ ಪಂಗಡದಲ್ಲಿಯೂ ಅಷ್ಟೇ. ಲಕ್ಷದ ಪಂಗಡವು ಎರಡು ಲಕ್ಷದಿಂದ ಆರಂಭವಾಗಿ ಒಂಬತ್ತು ಲಕ್ಷದ ವರೆಗೆ ಏರಿ, ಮುಂದೆ ಹತ್ತು ಲಕ್ಷ, ಕೋಟಿ, ಹತ್ತು ಕೋಟಿ ಎಂದು ಮುಗಿಯುತ್ತದೆ. ಹೀಗೆ ಇಲ್ಲಿ ಹನ್ನೊಂದು ಎಲೆಗಳಾದವು. ಈ ದೊಡ್ಡ ಮೊತ್ತದ ಎಲೆಗಳ ಮೇಲೆ ಚೀನದ ಪ್ರಸಿದ್ಧ ಕಾದಂಬರಿಯೊಂದರ ದರೋಡೆಕಾರ ವೀರರ ಚಿತ್ರಗಳಿರುತ್ತಿದ್ದವು. ಅವರ ನಾಯಕನಾದ ಸೋಂಗ್ ಜ್ಯಾಂಗ್‌ನು ಹತ್ತು ಕೋಟಿಯ ಎಲೆಯ ಮೇಲೆ ಕುಳಿತಿದ್ದನು. ಇನ್ನು ಕಾಸಿನ ಪಂಗಡ. ಇದರಲ್ಲಿ ಒಂದರಿಂದ ಒಂಬತ್ತು ಕಾಸುಗಳಲ್ಲದೆ ‘ಅರೆಕಾಸು’ ಎಂಬುದೊಂದು ಎಲೆ, ಕಾಸೇ ಇಲ್ಲದ ‘ಸೊನ್ನೆ’ ಎಂಬುದೊಂದು ಎಲೆ, ಒಟ್ಟು ಹನ್ನೊಂದು. ಕೂಡಿಸಿದರೆ ೯ + ೯ + ೧೧ + ೧೧, ಸರಿಯಾಗಿ ೪೦.

ಮೇಲುಕೀಳಿನ ಕ್ರಮದಲ್ಲಿಯೇ ಈ ಆಟದ ವೈಚಿತ್ರ್ಯವಿರುವದು. ಸರದಲ್ಲಿ ಒಂಬತ್ತು ದೊಡ್ಡದು, ಒಂದು ಚಿಕ್ಕದು. ವಾನ್‌ನಲ್ಲಿಯೂ ಹಾಗೆಯೇ. ಲಕ್ಷದಲ್ಲಿ ಹತ್ತು ಕೋಟಿ ಎಲ್ಲಕ್ಕೂ ದೊಡ್ಡದು. ಆದರೆ ಕಾಸಿನ ಪಂಗಡದಲ್ಲಿ ಕ್ರಮವು ತಲೆಕೆಳಗಾಗುತ್ತದೆ. ಅಲ್ಲಿ ಎಲ್ಲಕ್ಕೂ ಮೇಲಿನದು ಸೊನ್ನೆ. ಅದರ ಕೆಳಗೆ ಅರೆಕಾಸು, ಅದರ ಕೆಳಗೆ ಒಂದು ಕಾಸು, ಎರಡು ಕಾಸು. ಹೀಗೆ ಇಳಿಯುತ್ತ ಇಳಿಯುತ್ತ ಒಂಬತ್ತು ಕಾಸು ಎಲ್ಲಕ್ಕೂ ಕೀಳಾಗುತ್ತದೆ. ಹೊಸದಾಗಿ ಕಲಿಯುವವನು ಒಂಬತ್ತು ಕಾಸನ್ನು ಹೆಮ್ಮೆಯಿಂದ ಇಳಿಸುವದೂ, ಪಕ್ಕದವನು ಒಂದು ಕಾಸಿನಿಂದ ಅದನ್ನು ಹೊಡೆಯುವದೂ ಮೊದಲಿನ ದಿನ ತಪ್ಪದೆ ನಡೆಯುವ ವಿನೋದ. ಈ ತಲೆಕೆಳಗಾದ ಕ್ರಮವನ್ನು ಓದುಗರು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು; ಮುಂದೆ ಅದರ ಕೆಲಸವಿದೆ.

ಆಡುವವರು ನಾಲ್ವರು. ಒಬ್ಬನು ಒಡೆಯ, ಉಳಿದ ಮೂವರೂ ಅವನಿಗೆ ಎದುರಾಳಿಗಳು. ಮಾ-ದ್ಯಾವ್ ಎಂದರೆ ಕಾಲೆತ್ತಿದ ಕುದುರೆ. ನಾಲ್ಕರಲ್ಲಿ ಮೂರು ಕಾಲುಗಳು ಒಂದು ಕಡೆ, ಎತ್ತಿದ ಒಂದು ಕಾಲು ಬೇರೆ ಕಡೆ ಎಂಬ ಭಾವವಿರುವಂತೆ ತೋರುತ್ತದೆ. ಎಲೆಗಳನ್ನು ಕಲಸಿ ಒಬ್ಬೊಬ್ಬನಿಗೆ ಎಂಟರಂತೆ ಹಂಚಬೇಕು. ಉಳಿದ ಎಂಟು ಎಲೆಗಳು ನಡುವೆ ಮಗುಚಿ ಬಿದ್ದಿರುತ್ತವೆ. ಇವನ್ನು ‘ರಾಶಿ’ ಎನ್ನೋಣ. ಆಟವು ಬಲಗಡೆಗೆ, ಎಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸಾಗುತ್ತದೆ. ಒಬ್ಬನು ಒಂದು ಎಲೆಯನ್ನು ಇಳಿಸಿದರೆ ಮುಂದಿನವರು ಅದೇ ಪಂಗಡದ ಇನ್ನೂ ಮೇಲಿನ ಎಲೆಯಿಂದ ಅದನ್ನು ಹೊಡೆಯಬಹುದು. ಹೊಡೆಯಲಾರದವನು, ಅಥವಾ ಹೊಡೆಯಲು ಇಚ್ಛೆಯಿಲ್ಲದವನು, ಯಾವುದಾದರೊಂದು ಎಲೆಯನ್ನು ಮಗುಚಿ ಒಗೆಯಬೇಕು. ಅದು ಯಾವುದೆಂದು ಯಾರಿಗೂ ತೋರಿಸಲಾಗದು. ತುರುಫು ಎಂಬುದು ಇಲ್ಲ. ಆದ್ದರಿಂದ ಬೇರೆ ಪಂಗಡದ ಎಲೆ ಎಷ್ಟೇ ದೊಡ್ಡದಾದರೂ ಗೆಲ್ಲಲಾರದು. ಸುತ್ತನ್ನು ಗೆದ್ದವನೇ ಮುಂದಿನ ಸುತ್ತಿನಲ್ಲಿ ಮೊದಲು ಇಳಿಸಬೇಕು. ಸುತ್ತುಗಳು ಎಂಟು, ಆಡುವವರು ನಾಲ್ವರು. ಒಬ್ಬೊಬ್ಬನ ಪಾಲಿಗೆ ಎರಡು. ಈ ಎರಡು ಸುತ್ತುಗಳನ್ನು ಚೀನೀಯರು ಮೂಲ ಬಂಡವಾಳವೆಂದು ಕರೆಯುತ್ತಿದ್ದರು. ಅಷ್ಟನ್ನು ಗೆದ್ದವನಿಗೆ ಲಾಭವೂ ಇಲ್ಲ, ಹಾನಿಯೂ ಇಲ್ಲ.

ಮೂಲ ಆಟದಲ್ಲಿ ಇದರ ಮೇಲೆ ವಿಶೇಷ ಎಲೆಗಳಿಗೆ ವಿಶೇಷ ಇನಾಮುಗಳ ದೊಡ್ಡ ಗೋಜಲೇ ಇದೆ. ಕಲಿಯುವವರಿಗೆ ಅದು ಬೇಡ. ನಾವು ಹೀಗೆ ಸರಳಗೊಳಿಸೋಣ: ಒಡೆಯನೇ ಮೊದಲ ಎಲೆಯನ್ನು ಇಳಿಸಲಿ. ಅವನು ಎರಡಕ್ಕಿಂತ ಹೆಚ್ಚು ಗೆದ್ದರೆ, ಹೆಚ್ಚಾದ ಪ್ರತಿಯೊಂದು ಸುತ್ತಿಗೂ ಮೂವರಿಂದಲೂ ಒಂದೊಂದು ಹುಣಸೆಯ ಬೀಜ ತೆಗೆದುಕೊಳ್ಳಲಿ. ಕಡಮೆ ಬಿದ್ದರೆ ಅದೇ ಪ್ರಮಾಣದಲ್ಲಿ ಮೂವರಿಗೂ ಕೊಡಲಿ. ಮೂವರೊಳಗೆ ಪರಸ್ಪರ ಲೆಕ್ಕವಿಲ್ಲ. ಒಂದು ಹಂಚಿಕೆ ಮುಗಿದ ಮೇಲೆ ಬಲಗಡೆಯವನು ಒಡೆಯನಾಗಲಿ. ಹುಣಸೆಯ ಬೀಜವೆಂದು ಹೇಳಿದ್ದು ಸುಮ್ಮನೆ ಅಲ್ಲ. ಹಬ್ಬದ ನೆವದಿಂದ ಅಂದರ್-ಬಾಹರ್ ಆಡಿ ಮನೆ ಹಾಳುಮಾಡಿಕೊಂಡವರ ಕಥೆ ನಮ್ಮ ಯಾವ ಹಳ್ಳಿಗೂ ಹೊಸದಲ್ಲ. ಅಂದರ್-ಬಾಹರ್‌ದಲ್ಲಿ ಆಡುವವನ ಬುದ್ಧಿಗೆ ಕೆಲಸವೇ ಇಲ್ಲ; ಎಲೆ ಎಡಕ್ಕೆ ಬೀಳುವದೋ ಬಲಕ್ಕೆ ಬೀಳುವದೋ, ಅಷ್ಟೇ. ಮಾ-ದ್ಯಾವ್‌ದಲ್ಲಿ ಬುದ್ಧಿಗೆ ಎಷ್ಟು ಕೆಲಸವಿದೆಯೆಂಬುದನ್ನು ಒಂದು ಉದಾಹರಣೆಯಿಂದ ತೋರಿಸಬಹುದು.

ನೀವು ಒಡೆಯರಾಗಿದ್ದೀರಿ. ನಿಮ್ಮ ಕೈಗೆ ಬಂದ ಎಲೆಗಳು ಇವು: ಅರೆಕಾಸು, ಮೂರು ಕಾಸು, ಒಂಬತ್ತು ಸರ, ನಾಲ್ಕು ಸರ, ಏಳು ವಾನ್, ಹತ್ತು ಕೋಟಿ, ಐದು ಲಕ್ಷ, ಎರಡು ಲಕ್ಷ. ಹತ್ತು ಕೋಟಿಯನ್ನೂ ಒಂಬತ್ತು ಸರವನ್ನೂ ಹೊಡೆಯುವ ಎಲೆಯೇ ಇಲ್ಲ. ಮೊದಲ ಎರಡು ಸುತ್ತುಗಳಲ್ಲಿ ಇವೆರಡನ್ನೂ ಇಳಿಸಿಬಿಟ್ಟರೆ ಬಂಡವಾಳವು ಕೈಸೇರಿತು. ಮೂರನೆಯ ಸುತ್ತನ್ನು ಅರೆಕಾಸು ಗೆದ್ದೀತೇ? ಅದನ್ನು ಹೊಡೆಯುವ ಎಲೆ ಒಂದೇ ಒಂದು: ಸೊನ್ನೆ. ಅದು ಎಲ್ಲಿದೆ? ನಿಮಗೆ ಕಾಣದ ಎಲೆಗಳು ೩೨. ಮೂವರು ಎದುರಾಳಿಗಳ ಕೈಯಲ್ಲಿ ಎಂಟೆಂಟು, ರಾಶಿಯಲ್ಲಿ ಎಂಟು. ಎಂದರೆ ಸೊನ್ನೆಯು ಅಡಗಿರಬಹುದಾದ ಸಮಾನವಾದ ಮನೆಗಳು ನಾಲ್ಕು. ಅದು ರಾಶಿಯಲ್ಲಿ ನಿದ್ರಿಸುತ್ತಿರುವ ಸಂಭವನೀಯತೆ ೮/೩೨, ಅಂದರೆ ನಾಲ್ಕರಲ್ಲಿ ಒಂದು. ಅರೆಕಾಸಿಗೆ ಬದಲಾಗಿ ನಿಮ್ಮಲ್ಲಿ ಒಂದು ಕಾಸು ಇದ್ದಿದ್ದರೆ? ಆಗ ಸೊನ್ನೆ, ಅರೆಕಾಸು ಎರಡೂ ರಾಶಿಯಲ್ಲಿಯೇ ಇರಬೇಕು. ಮೊದಲನೆಯದಕ್ಕೆ ೮/೩೨, ಅದು ಅಲ್ಲಿರುವದಾದರೆ ಎರಡನೆಯದಕ್ಕೆ ೭/೩೧, ಗುಣಿಸಿದರೆ ೭/೧೨೪. ನೂರಕ್ಕೆ ಆರೂ ಆಗಲಿಲ್ಲ! ಒಂದೇ ಮೆಟ್ಟಿಲು ಕೆಳಗಿಳಿದುದಕ್ಕೆ ನೂರಕ್ಕೆ ೨೫ ಇದ್ದ ಆಸೆಯು ೬ಕ್ಕೆ ಕುಸಿದುದನ್ನು ನೋಡಿರಿ. ಎಲೆಯಾಟದಲ್ಲಿ ಎರಡನೆಯ ಸ್ಥಾನಕ್ಕೂ ಮೂರನೆಯ ಸ್ಥಾನಕ್ಕೂ ಇರುವ ಅಂತರವು ಮೇಲುನೋಟಕ್ಕೆ ತೋರುವದಕ್ಕಿಂತ ಬಹಳ ಹೆಚ್ಚು.

ಅರೆಕಾಸನ್ನು ಈಗಲೇ ಇಳಿಸಿದರೆ ನಾಲ್ಕರಲ್ಲಿ ಮೂರು ಪಾಲು ಸೋಲು. ಹಾಗಾದರೆ ತಡೆಯಬಹುದಲ್ಲ, ಸೊನ್ನೆಯನ್ನು ಯಾರಾದರೂ ಇಳಿಸಿದ ಮೇಲೆ ಅರೆಕಾಸೇ ಅರಸು ಎಂದು ನೀವು ಹೇಳಬಹುದು. ಸರಿಯೇ. ಆದರೆ ಆಗ ಮೊದಲು ಇಳಿಸುವ ಹಕ್ಕು ಎದುರಾಳಿಗಳ ಕೈಯಲ್ಲಿರುತ್ತದೆ. ಆ ಹಕ್ಕನ್ನು ಮರಳಿ ಪಡೆಯಲು ಹತ್ತು ಕೋಟಿಯನ್ನಾಗಲಿ ಒಂಬತ್ತು ಸರವನ್ನಾಗಲಿ ಉಳಿಸಿಕೊಂಡಿರಬೇಕು; ಅವರು ಲಕ್ಷವನ್ನೂ ಸರವನ್ನೂ ಇಳಿಸದೆಯೇ ಆಟ ಮುಗಿಸಿದರೆ ಉಳಿಸಿಕೊಂಡ ಆ ಅಜೇಯ ಎಲೆಯೂ ಕೈಯಲ್ಲಿಯೇ ಕೊಳೆಯುತ್ತದೆ. ಮೂವರು ಎದುರಾಳಿಗಳು ಒಂದೇ ಒಂದು ಮಾತನ್ನೂ ಆಡದೆ ಇದನ್ನು ಊಹಿಸಿಕೊಂಡು, ಒಡೆಯನು ಕಾಯುತ್ತಿರುವ ಪಂಗಡವನ್ನು ಮುಟ್ಟದೆ ಆಡುವದರಲ್ಲಿಯೇ ಅವರ ಜಾಣತನವಿರುವದು.

ಇನ್ನೂ ಸೂಕ್ಷ್ಮವಾದ ಪ್ರಶ್ನೆಯೊಂದಿದೆ. ಆರು ಸುತ್ತುಗಳು ಮುಗಿದವು, ಸೊನ್ನೆ ಹೊರಬರಲಿಲ್ಲ. ಈಗ ಅದು ರಾಶಿಯಲ್ಲಿರುವ ಸಂಭವನೀಯತೆ ಎಷ್ಟು? ಎದುರಾಳಿಗಳ ಕೈಯಲ್ಲಿ ಎರಡೆರಡರಂತೆ ಆರು ಎಲೆಗಳು, ರಾಶಿಯಲ್ಲಿ ಎಂಟು. ಆದ್ದರಿಂದ ೮/೧೪, ಎಂದರೆ ಅರ್ಧಕ್ಕಿಂತ ಹೆಚ್ಚು ಎಂದು ಲೆಕ್ಕ ಮಾಡಲು ಮನಸ್ಸಾಗುತ್ತದೆ. ಎದುರಾಳಿಗಳು ಕಣ್ಣು ಮುಚ್ಚಿಕೊಂಡು ಕೈಗೆ ಬಂದ ಎಲೆಯನ್ನು ಬಿಚ್ಚಿ ಒಗೆಯುವವರಾಗಿದ್ದರೆ ಈ ಲೆಕ್ಕ ಸರಿ. ಆದರೆ ಸೊನ್ನೆಯಿದ್ದವನು ಅದನ್ನು ಕೊನೆಯ ವರೆಗೆ ಬಿಗಿಹಿಡಿಯುವ ಸ್ವಭಾವದವನಾಗಿದ್ದರೆ? ಅಂಥವನ ಕೈಯಲ್ಲಿದ್ದರೂ ಅದು ಹೊರಬರುತ್ತಿರಲಿಲ್ಲ, ರಾಶಿಯಲ್ಲಿದ್ದರೂ ಹೊರಬರುತ್ತಿರಲಿಲ್ಲ. ಹೀಗಾಗಿ ಆರು ಸುತ್ತುಗಳ ಮೌನವು ನಿಮಗೆ ಹೊಸದೇನನ್ನೂ ತಿಳಿಸಲಿಲ್ಲ. ಸಂಭವನೀಯತೆಯು ಮೊದಲಿನಂತೆ ನಾಲ್ಕರಲ್ಲಿ ಒಂದೇ! ಅವೇ ಎಲೆಗಳು, ಅದೇ ದೃಶ್ಯ. ಆದರೂ ಎದುರಿಗೆ ಕುಳಿತವನು ಎಂಥವನೆಂಬುದರ ಮೇಲೆ ಉತ್ತರವು ಬದಲಾಗುತ್ತದೆ. ಕಂಡ ಸಂಗತಿಯಷ್ಟೇ ಅಲ್ಲದೆ, ಅದು ಯಾವ ಬಗೆಯಿಂದ ನಮ್ಮ ಕಣ್ಣಿಗೆ ಬಿದ್ದಿತೆಂಬುದನ್ನೂ ಗಣಿಸಬೇಕೆಂಬ ಸಂಭವಶಾಸ್ತ್ರದ ಈ ಪಾಠವು ಕಾಲೇಜಿನ ವಿದ್ಯಾರ್ಥಿಗಳಿಗೂ ಸುಲಭವಾಗಿ ಮನಸ್ಸಿಗೆ ಹತ್ತುವದಿಲ್ಲ. ನಾಲ್ಕು ಸಂಜೆ ಮಾ-ದ್ಯಾವ್ ಆಡಿದರೆ ಹತ್ತುತ್ತದೆ.

ಆಟ ಕಲಿತಾಯಿತು. ಇನ್ನು ಸೊನ್ನೆಯ ಪ್ರಶ್ನೆಗೆ ಬರೋಣ. ಕಾಸಿನ ಪಂಗಡವೊಂದನ್ನು ತಲೆಕೆಳಗು ಮಾಡಿದ್ದರಿಂದ ಆಟಕ್ಕೆ ಏನು ಲಾಭವಾಯಿತು? ಏನೂ ಇಲ್ಲ. ಒಂಬತ್ತನ್ನು ಮೇಲಿಟ್ಟು ಸೊನ್ನೆಯನ್ನು ಕೆಳಗಿಟ್ಟರೂ ಮೇಲಿನ ಲೆಕ್ಕಗಳಲ್ಲಿ ಒಂದು ಅಂಕೆಯೂ ಬದಲಾಗದು. ನೆನಪಿಗೆ ತೊಡಕು, ಅಷ್ಟೇ. ಹೀಗೆ ಉಪಯೋಗವಿಲ್ಲದ ಲಕ್ಷಣವೊಂದನ್ನು ಕಂಡಾಗ ನಿಸರ್ಗವಿಜ್ಞಾನಿಯು ಕಿವಿ ನಿಮಿರಿಸುತ್ತಾನೆ. ಡಾಲ್ಫಿನ್ನಿನ ಆಕಾರವು ಶಾರ್ಕ್ ಮೀನಿನಂತಿದೆ. ಆದರೆ ನೀರನ್ನು ಸೀಳಿ ಈಜುವ ಯಾವ ಪ್ರಾಣಿಗೂ ಅಂಥ ಆಕಾರವೇ ಉಪಯುಕ್ತವಾದ್ದರಿಂದ ಈ ಹೋಲಿಕೆಯು ನಂಟುತನವನ್ನು ಹೇಳುವದಿಲ್ಲ. ಕಾಲುಗಳೇ ಇಲ್ಲದ ತಿಮಿಂಗಿಲದ ಒಡಲಿನಲ್ಲಿ ಹುದುಗಿರುವ ಸೊಂಟದ ಎಲುಬಿನ ಅವಶೇಷವು ನಡೆಯುವದಕ್ಕೆ ಬಾರದು. ಅದು ಮಾತ್ರ ಅದರ ಪೂರ್ವಜರು ನಾಲ್ಕು ಕಾಲಿನವರೆಂಬುದನ್ನು ಸಾರಿ ಹೇಳುತ್ತದೆ. ಡಾರ್ವಿನ್ನನು ೧೮೫೯ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇಂಥ ಅವಶೇಷಾಂಗಗಳನ್ನು, ಬರಹದಲ್ಲಿ ಉಳಿದು ಉಚ್ಚಾರದಲ್ಲಿ ಅಳಿದ ಅಕ್ಷರಗಳಿಗೆ ಹೋಲಿಸಿದ್ದಾನೆ. ಓದುವದಕ್ಕೆ ಬೇಡವಾದ ಆ ಅಕ್ಷರವೇ ಶಬ್ದದ ಹುಟ್ಟನ್ನು ಹುಡುಕುವವನಿಗೆ ದಾರಿ ತೋರಿಸುತ್ತದೆ.

ಈ ದೃಷ್ಟಿಯಿಂದ ನಮ್ಮ ದೇಶದ ಗಂಜೀಫಾ ಆಟವನ್ನು ನೋಡಬೇಕು. ಬೆಳಗಾವಿಯಿಂದ ಅಂಬೋಲಿ ಘಟ್ಟವನ್ನಿಳಿದು ಹೋದರೆ ಸಿಗುವ ಸಾವಂತವಾಡಿಯಲ್ಲಿ ಇಂದಿಗೂ ಅರಗಿನ ಬಣ್ಣ ಹಚ್ಚಿದ ದುಂಡನೆಯ ಗಂಜೀಫಾ ಎಲೆಗಳನ್ನು ಮಾಡುತ್ತಾರೆ. ಇನ್ನೇನು ನಿಂತೇಹೋಗುವದೆಂದಿದ್ದ ಈ ಕಸಬನ್ನು ೧೯೭೦ರ ದಶಕದಲ್ಲಿ ಅಲ್ಲಿಯ ರಾಜಮನೆತನದ ಭೋಸಲೆ ದಂಪತಿಗಳು ಅರಮನೆಯಲ್ಲಿಯೇ ಕಲಾವಿದರನ್ನು ಕೂರಿಸಿ ಉಳಿಸಿದರು. ಗಂಜೀಫಾ ಭಾರತದಲ್ಲಿ ಕಾಣಿಸಿಕೊಳ್ಳುವ ಮೊದಲಿನ ಖಚಿತವಾದ ದಾಖಲೆ ಬಾಬರನ ದಿನಚರಿಯದು. ಸಿಂಧದ ಶಹಾ ಹಸನನಿಗೆ ಈ ಆಟ ಬಹಳ ಪ್ರಿಯವೆಂದು ಬಾಬರನು ೧೫೨೭ರಲ್ಲಿ ಅವನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿಕೊಟ್ಟನು. ಮೊಗಲರ ಕಟ್ಟಿನಲ್ಲಿ ಎಂಟು ಪಂಗಡಗಳು; ಪ್ರತಿಯೊಂದರಲ್ಲಿ ಮೀರ, ವಜೀರ ಎಂಬ ಎರಡು ಚಿತ್ರದ ಎಲೆಗಳೂ ಒಂದರಿಂದ ಹತ್ತರ ವರೆಗಿನ ಎಣಿಕೆಯ ಎಲೆಗಳೂ; ಒಟ್ಟು ೯೬. ಹಿಂದೂಗಳ ದಶಾವತಾರ ಗಂಜೀಫಾದಲ್ಲಿ ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ ಎಂಬಂತೆ ಹತ್ತು ಪಂಗಡಗಳಿದ್ದು, ಎಲೆಗಳು ೧೨೦. ಆಡುವವರು ಮೂವರು. ತುರುಫು ಇಲ್ಲ. ದಶಾವತಾರದ ಆಟವನ್ನು ಹಗಲಿನಲ್ಲಿ ರಾಮನ ರಾಜನಿದ್ದವನೂ ರಾತ್ರಿಯಲ್ಲಿ ಕೃಷ್ಣನ ರಾಜನಿದ್ದವನೂ ಆರಂಭಿಸಬೇಕು. ಮೊಗಲರ ಆಟದಲ್ಲಿ ಹಗಲಿಗೆ ಬಂಗಾರದ ನಾಣ್ಯದ ಮೀರ, ರಾತ್ರಿಗೆ ಬೆಳ್ಳಿಯ ನಾಣ್ಯದ ಮೀರ; ಸೂರ್ಯ-ಚಂದ್ರರ ಕಲ್ಪನೆ ಇದು. ನಮ್ಮ ಇಸ್ಪೀಟಿನಲ್ಲಿ ರಾಣಿಯ ಕೆಳಗಿನ ಎಲೆಯನ್ನು ‘ಗುಲಾಮ’ ಎನ್ನುತ್ತೇವಷ್ಟೇ? ಗುಲಾಮವೆಂಬುದು ಮೊಗಲ ಗಂಜೀಫಾದ ಎಂಟು ಪಂಗಡಗಳಲ್ಲಿ ಒಂದರ ಹೆಸರು.

ಮೊಗಲರ ಎಂಟು ಪಂಗಡಗಳಲ್ಲಿ ಕಿರೀಟ, ಬೆಳ್ಳಿಯ ನಾಣ್ಯ, ಕತ್ತಿ, ಗುಲಾಮ ಈ ನಾಲ್ಕರಲ್ಲಿ ಮೀರ, ವಜೀರರ ತರುವಾಯ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದ ನಾಲ್ಕರಲ್ಲಿ, ಎಂದರೆ ವೀಣೆಯಂಥ ವಾದ್ಯ, ಬಂಗಾರದ ನಾಣ್ಯ, ಹುಂಡಿ, ಸರಕು ಇವುಗಳಲ್ಲಿ ಕ್ರಮವು ತಲೆಕೆಳಗು: ಮೀರ, ವಜೀರರ ತರುವಾಯ ಒಂದೇ ದೊಡ್ಡದು, ಹತ್ತು ಎಲ್ಲಕ್ಕೂ ಕೀಳು! ದಶಾವತಾರದ ಕಟ್ಟಿನಲ್ಲಿಯೂ ಐದು ಪಂಗಡಗಳು ನೇರ, ಐದು ತಲೆಕೆಳಗು. ಯೂರೋಪಿಗೆ ಹೋಗೋಣ. ಅಲ್ಲಿ ಎಲೆಯಾಟ ಕಾಣಿಸಿಕೊಂಡದ್ದು ೧೩೭೦ರ ದಶಕದಲ್ಲಿ. ೧೩೭೭ರಲ್ಲಿ ಒಬ್ಬ ಪಾದ್ರಿಯು ಅದರ ಮೇಲೆ ಪ್ರಬಂಧವನ್ನೇ ಬರೆದಿದ್ದಾನೆ. ಇಟಲಿಯ ಹಳೆಯ ಟ್ಯಾರೊ ಆಟದಲ್ಲಿ ಕತ್ತಿ, ದೊಣ್ಣೆಗಳ ಪಂಗಡಗಳು ನೇರ. ಬಟ್ಟಲು, ನಾಣ್ಯಗಳ ಪಂಗಡಗಳು ತಲೆಕೆಳಗು. ಸ್ಪೇನಿನಲ್ಲಿ ಹುಟ್ಟಿ ಹದಿನೇಳನೆಯ ಶತಮಾನದಲ್ಲಿ ಯೂರೋಪವನ್ನೆಲ್ಲ ವ್ಯಾಪಿಸಿದ ಓಂಬ್ರೆ ಆಟದಲ್ಲಿಯೂ ಅದೇ ವಕ್ರತೆ. ಇಟಲಿಯಲ್ಲಿಯೂ ಮೊಗಲರಲ್ಲಿಯೂ ಚೀನದಲ್ಲಿಯೂ ತಲೆಕೆಳಗಾದ ಪಂಗಡಗಳಲ್ಲಿ ನಾಣ್ಯವು ಸೇರಿಯೇ ಇರುವದು ಗಮನಿಸತಕ್ಕ ಮಾತು.

ನಡುವಿನ ಕೊಂಡಿಯೊಂದು ಇಸ್ತಂಬುಲಿನ ಟೋಪ್‌ಕಾಪಿ ಅರಮನೆಯಲ್ಲಿ ದೊರೆಯಿತು. ಎಲ್. ಎ. ಮೇಯರ್ ಎಂಬ ವಿದ್ವಾಂಸರು ೧೯೩೦ರ ದಶಕದಲ್ಲಿ ಅಲ್ಲಿ ಈಜಿಪ್ತಿನ ಮಾಮಲೂಕ ಅರಸರ ಕಾಲದ ಎಲೆಗಳ ಕಟ್ಟೊಂದನ್ನು ಬೆಳಕಿಗೆ ತಂದರು. ಅದರ ಪಂಗಡಗಳು ಬಟ್ಟಲು, ನಾಣ್ಯ, ಕತ್ತಿ, ಪೋಲೋ ಆಟದ ಕೋಲು. ಇಟಲಿಯ ಪಂಗಡಗಳು ಇವುಗಳಿಂದಲೇ ಬಂದವೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಅದರ ಒಂದು ಎಲೆಯ ಮೇಲಿನ ಬರಹದಲ್ಲಿ ‘ಕಂಜೀಫಾ’ ಎಂಬ ಶಬ್ದವೂ ಇದೆ. ಇನ್ನು ಚೀನದ ಕಡೆಯ ಕೊಂಡಿಯನ್ನು ಮೊದಲು ಬಲವಾಗಿ ಹಿಡಿದವರು ಅಲ್ಲಿ ಬ್ರಿಟಿಷ್ ರಾಯಭಾರ ಕಚೇರಿಯ ಅಧಿಕಾರಿಯಾಗಿದ್ದ ವಿಲ್ಕಿನ್‌ಸನ್. ಎಲೆಯಾಟದ ಮೂಲ ಚೀನವೇ ಎಂಬ ಅವರ ಲೇಖನ ೧೮೯೫ರಲ್ಲಿ ಪ್ರಕಟವಾಯಿತು. ತರ್ಕಶಾಸ್ತ್ರದಲ್ಲಿ ವಿಖ್ಯಾತರಾದ ಆಕ್ಸ್‌ಫರ್ಡಿನ ಮೈಕೆಲ್ ಡಮ್ಮೆಟ್ಟರು ೧೯೮೦ರಲ್ಲಿ ಟ್ಯಾರೊ ಆಟದ ಮೇಲೆ ಹೊರತಂದ ಬೃಹದ್ಗ್ರಂಥದಲ್ಲಿ, ಎಲೆಗಳ ಚಿತ್ರಗಳಿಗಿಂತ ಆಟದ ನಿಯಮಗಳನ್ನೇ ಇತಿಹಾಸದ ಸಾಕ್ಷಿಗಳೆಂದು ಹಿಡಿದು ವಿಚಾರಿಸಿದರು. ನನ್ನ ಮಟ್ಟಿಗೆ ಇದು ಬಹಳ ಸಮರ್ಪಕವಾದ ದಾರಿಯೆಂದು ತೋರುತ್ತದೆ. ಚಿತ್ರವನ್ನು ಪ್ರತಿಯೊಂದು ನಾಡಿನ ಕಲಾವಿದನೂ ತನ್ನ ರುಚಿಗೆ ತಕ್ಕಂತೆ ಬದಲಿಸುತ್ತಾನೆ. ಕಾಸು ಹೋಗಿ ಮೀನು ಬರುತ್ತದೆ, ಸರ ಹೋಗಿ ಕತ್ತಿ ಬರುತ್ತದೆ. ಆಡುವವರ ಬೆರಳು, ನಾಲಗೆಗಳಲ್ಲಿ ಉಳಿದ ಅರ್ಥವಿಲ್ಲದ ವಾಡಿಕೆಯನ್ನು ಬದಲಿಸಲು ಯಾರಿಗೂ ಕಾರಣವಿರುವದಿಲ್ಲ. ಬಲಗಡೆಗೆ ಸಾಗುವ ಆಟದ ದಿಕ್ಕೂ ಅಂಥ ವಾಡಿಕೆಯೇ. ಚೀನದಲ್ಲಿಯೂ ಗಂಜೀಫಾದಲ್ಲಿಯೂ ಸ್ಪೇನಿನ ಹಳೆಯ ಆಟಗಳಲ್ಲಿಯೂ ಆಟ ಬಲಕ್ಕೇ ಸಾಗುತ್ತದೆ. ನಿಮ್ಮ ಊರಿನ ಕಟ್ಟೆಯಲ್ಲಿ ಅದು ಯಾವ ಕಡೆಗೆ ಸಾಗುತ್ತದೆಂಬುದನ್ನು ನೋಡಿ ಬರೆದಿಟ್ಟುಕೊಳ್ಳಿರಿ.

ಇದಕ್ಕೊಂದು ಆಕ್ಷೇಪವೂ ಉಂಟು. ಚೀನದಲ್ಲಿ ತಲೆಕೆಳಗಾದ ಪಂಗಡ ನಾಲ್ಕರಲ್ಲಿ ಒಂದು. ಇಟಲಿಯಲ್ಲಿಯೂ ಗಂಜೀಫಾದಲ್ಲಿಯೂ ಅದು ಅರ್ಧಕ್ಕೆ ಅರ್ಧ. ಚೀನದ ಎಲೆಗಳು ಯಾವ ವರ್ತಕನ ಚೀಲದಲ್ಲಿ ಯಾವ ವರ್ಷ ಪರ್ಶಿಯವನ್ನು ಮುಟ್ಟಿದವೆಂದು ತೋರಿಸುವ ಕಾಗದವೂ ಇಲ್ಲ. ಮಂಗೋಲರ ಕಾಲದಲ್ಲಿ ಚೀನ, ಪರ್ಶಿಯಗಳೆರಡೂ ಒಂದೇ ವಂಶದವರ ಕೈಯಲ್ಲಿದ್ದುದರಿಂದ ದಾರಿಯಂತೂ ತೆರೆದಿತ್ತು. ಹೆಸರಿನ ಹೋಲಿಕೆಗಿಂತ ಈ ತಲೆಕೆಳಗಾದ ಎಣಿಕೆಯ ಹೋಲಿಕೆಯು ಎಷ್ಟೋ ಬಲವಾದ ಸಾಕ್ಷಿಯೆಂದು ಮಾತ್ರ ಧೈರ್ಯದಿಂದ ಹೇಳಬಹುದು.

ಇಂಥ ಸಾಕ್ಷಿಯು ಎಲೆಯಲ್ಲಿ ಬರೆದಿರುವದಿಲ್ಲ, ಆಡುವವನ ತಲೆಯಲ್ಲಿರುತ್ತದೆ ಎಂಬುದೇ ಚಿಂತೆಯ ಸಂಗತಿ. ಮೈಸೂರಿನ ಉದಾಹರಣೆಯನ್ನೇ ನೋಡಿರಿ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾದ ಜಾಡಿನಲ್ಲಿಯೇ ‘ಛದ’ ಎಂಬ ಹೊಸ ಎಲೆಯಾಟಗಳನ್ನು ರಚಿಸಿದರು. ಛದವೆಂದರೂ ಎಲೆಯೇ. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಹದಿಮೂರು ಛದಗಳ ವಿವರಣೆಯಿದೆ. ಚಾಮುಂಡೇಶ್ವರೀ ಛದಕ್ಕೆ ೩೨೦ ಎಲೆಗಳು. ಕೃಷ್ಣರಾಜ ಛದಕ್ಕೆ ೩೬೦. ಇಷ್ಟು ಎಲೆಗಳ ಆಟವು ಅರಮನೆಯ ಹೊರಗೆ ಬೇರೂರುವದು ಕಷ್ಟವಿತ್ತು. ೧೨೦ ಎಲೆಗಳ ಗಂಜೀಫಾದಲ್ಲಿಯೇ ಒಬ್ಬನ ಕೈಗೆ ಬರಬಹುದಾದ ೪೦ ಎಲೆಗಳ ಬೇರೆ ಬೇರೆ ಜೋಡಣೆಗಳನ್ನು ಎಣಿಸಿದರೆ ೩೩ ಅಂಕೆಗಳ ಸಂಖ್ಯೆ ಬರುತ್ತದೆ! ಬಿದ್ದ ಎಲೆಗಳನ್ನೆಲ್ಲ ನೆನಪಿಡಬಲ್ಲವನೇ ಅಲ್ಲಿ ಗೆಲ್ಲುತ್ತಿದ್ದನು. ಮುಂಬಯಿಯಲ್ಲಿ ನೆಲಸಿದ್ದ ಜರ್ಮನ್ ಮೂಲದ ರುಡೋಲ್ಫ್ ಫಾನ್ ಲೈಡನ್ನರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಊರೂರು ತಿರುಗಿ ಗಂಜೀಫಾ, ಛದಗಳ ಎಲೆಗಳನ್ನೂ ಆಟದ ವಿವರಗಳನ್ನೂ ಸಂಗ್ರಹಿಸದಿದ್ದರೆ ನಮಗೆ ಇಂದು ತಿಳಿದಿರುವದರಲ್ಲಿ ಎಷ್ಟೋ ಭಾಗ ಇಲ್ಲವಾಗುತ್ತಿತ್ತು. ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರಿಂದ ಮೈಸೂರು ಶೈಲಿಯ ಎಲೆಗಳ ಚಿತ್ರಕಲೆಯು ಮರಳಿ ಚಿಗುರಿತು; ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಆದರೆ ಈ ಎಲೆಗಳನ್ನು ಕೊಂಡವರು ಬಹುಮಟ್ಟಿಗೆ ಗಾಜಿನ ಚೌಕಟ್ಟಿನಲ್ಲಿ ತೂಗುಹಾಕುತ್ತಾರೆ. ಮತ್ಸ್ಯಾವತಾರದ ಒಂದು ಮೀನಿನ ಎಲೆಯು ಹತ್ತು ಮೀನಿನ ಎಲೆಯನ್ನು ಹೊಡೆಯುವದೋ, ಅದರಿಂದ ಹೊಡೆಸಿಕೊಳ್ಳುವದೋ ಎಂಬುದನ್ನು ಗೋಡೆಯ ಮೇಲಿನ ಚಿತ್ರದಿಂದ ಯಾವ ಪಂಡಿತನೂ ತಿಳಿಯಲಾರನು. ನಿಮ್ಮ ಮನೆತನದಲ್ಲಿಯಾಗಲಿ ನೆರೆಯಲ್ಲಿಯಾಗಲಿ ಗಂಜೀಫಾ ಆಡಿದ ಅಜ್ಜ ಅಜ್ಜಿಯರಿದ್ದರೆ ಈ ಪ್ರಶ್ನೆಯನ್ನು ತಪ್ಪದೆ ಕೇಳಿ, ಅವರ ಉತ್ತರವನ್ನು ಊರಿನ ಹೆಸರು, ತಾರೀಖು ಸಹಿತ ಬರೆದಿಡಿರಿ.

ಮಾ-ದ್ಯಾವ್ ಎಲೆಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದವು ಇದಕ್ಕೆ ಅನುಕೂಲ. ಚೀನದ ಎಲೆಗಳು ನಮ್ಮವುಗಳಂತೆ ಅಗಲವಾಗಿರದೆ ಎರಡು ಬೆರಳಿನಷ್ಟು ಅಗಲದ ಉದ್ದನೆಯ ಪಟ್ಟಿಗಳಾಗಿರುತ್ತವೆ. ಅಂಥ ನಾಲ್ವತ್ತು ಪಟ್ಟಿಗಳನ್ನು ಒಂದೇ ಅಳತೆಗೆ ಕತ್ತರಿಸಿರಿ. ಹಿಂಬದಿಗಳು ಒಂದೇ ಬಣ್ಣದವಾಗಿರಬೇಕು. ಇಲ್ಲವಾದರೆ ಮಗುಚಿದ ಎಲೆಯ ಗುಟ್ಟು ಉಳಿಯದು. ಕಾಸಿಗೆ ಚೌಕ ತೂತಿನ ದುಂಡು, ಸರಕ್ಕೆ ಉದ್ದ ಗೆರೆ, ವಾನ್ ಹಾಗೂ ಲಕ್ಷಗಳಿಗೆ ಬರಿಯ ಅಂಕೆ ಬರೆದರೂ ಸಾಕು. ಸೊನ್ನೆಯ ಎಲೆಯನ್ನು ಏನೂ ಬರೆಯದೆ ಬಿಡಬಾರದು. ಮೇಲಿನ ತುದಿಗೆ ಕಾಸಿನ ಗುರುತನ್ನಿಟ್ಟು ಕೆಳಗೆ ಖಾಲಿ ಬಿಡಿರಿ.

ಆಡುವ ಮೊದಲು ಈ ಲೆಕ್ಕವನ್ನು ಬಿಡಿಸಿ ನೋಡಿರಿ. ಸೊನ್ನೆ, ಒಂಬತ್ತು ಸರ, ಒಂಬತ್ತು ವಾನ್, ಹತ್ತು ಕೋಟಿ ಈ ನಾಲ್ಕು ಅಜೇಯ ಎಲೆಗಳಲ್ಲಿ ಒಂದಾದರೂ ನಿಮ್ಮ ಎಂಟರ ಕೈಯಲ್ಲಿ ಬರುವ ಸಂಭವನೀಯತೆ ಎಷ್ಟು? ನೇರವಾಗಿ ಹೋಗುವದಕ್ಕಿಂತ, ಒಂದೂ ಬಾರದ ಸಂಭವವನ್ನು ಮೊದಲು ಕಂಡುಹಿಡಿಯುವದು ಸುಲಭ. ನಾಲ್ಕೂ ಎಲೆಗಳು ನಿಮ್ಮದಲ್ಲದ ೩೨ರಲ್ಲಿಯೇ ಬೀಳಬೇಕು: ೩೨/೪೦ × ೩೧/೩೯ × ೩೦/೩೮ × ೨೯/೩೭. ಇದು ಸುಮಾರು ೦.೩೯ ಆಗುವದು. ಆದ್ದರಿಂದ ಒಂದಾದರೂ ಬರುವ ಸಂಭವ ನೂರಕ್ಕೆ ಸುಮಾರು ೬೧.